ಪ್ರಚಾರದ ಕೆಲಸ, ದಾಖಲೆಯ ಕೆಲಸ: ಅಮೆರಿಕದ ಕಾಲೇಜು ಕ್ರೀಡಾ ಮಾಹಿತಿ ಕಚೇರಿ



ಅಮೆರಿಕದ ಕಾಲೇಜುಗಳಲ್ಲಿ ಆಟೋಟವು ಪಾಠ ಮುಗಿದ ಮೇಲಿನ ಹವ್ಯಾಸದ ಮಟ್ಟವನ್ನು ಬಹಳ ಹಿಂದೆಯೇ ದಾಟಿದೆ. 1906ರಲ್ಲಿ ಹುಟ್ಟಿ, ಇಂದು ಎನ್‌ಸಿಎಎ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾಗಿರುವ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದಲ್ಲಿ ಸುಮಾರು 1,100 ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಸದಸ್ಯತ್ವ ಪಡೆದಿವೆ. ಅವುಗಳ ತಂಡಗಳಲ್ಲಿ ಆಡುವ ವಿದ್ಯಾರ್ಥಿಗಳ ಸಂಖ್ಯೆ 5 ಲಕ್ಷವನ್ನು ಮೀರುತ್ತದೆ. ಈ ಕಾಲೇಜುಗಳ ಕ್ರೀಡಾ ವಿಭಾಗದಲ್ಲಿ ತರಬೇತುದಾರರು, ವೈದ್ಯರು, ಮೈದಾನದ ಸಿಬ್ಬಂದಿ ಇವರೆಲ್ಲರ ಜೊತೆಗೆ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಕಚೇರಿಯೂ ಇರುತ್ತದೆ. ಅದಕ್ಕೆ ಕ್ರೀಡಾ ಮಾಹಿತಿ ಕಚೇರಿ ಎಂಬುದು ಹಳೆಯ ಹೆಸರು. ಮಾಧ್ಯಮ ಸಂಪರ್ಕ ಕಚೇರಿ, ಕ್ರೀಡಾ ಸಂವಹನ ಕಚೇರಿ ಎಂಬುವು ಈಚಿನ ಹೆಸರುಗಳು. ಅಲ್ಲಿ ದುಡಿಯುವವರು 1957ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಆ ಸಂಘವೂ 2022ರಲ್ಲಿ ತನ್ನ ಹೆಸರಿನಿಂದ ‘ಮಾಹಿತಿ’ಯನ್ನು ಬಿಟ್ಟು ‘ಸಂವಹನ’ವನ್ನು ಸೇರಿಸಿಕೊಂಡಿತು.

ಹೆಸರು ಯಾವುದೇ ಇರಲಿ, ಆ ಕಚೇರಿ ಹೊತ್ತಿರುವ ಹೊಣೆ ಎರಡು. ತನ್ನ ಕಾಲೇಜಿನ ಆಟಗಾರರ ಹೆಸರನ್ನು ನಾಡಿಗೆಲ್ಲ ಮುಟ್ಟಿಸುವುದು ಮೊದಲನೆಯದು. ಮೈದಾನದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದಿಡುವುದು ಎರಡನೆಯದು. ಒಂದು ಪ್ರಚಾರದ ಕೆಲಸ, ಇನ್ನೊಂದು ದಾಖಲೆಯ ಕೆಲಸ. ಇವೆರಡೂ ಒಂದೇ ಮೇಜಿನ ಮೇಲೆ, ಬಹಳಷ್ಟು ಸಲ ಒಬ್ಬರ ಕೈಯಿಂದಲೇ ನಡೆಯಬೇಕಾಗಿರುವುದರಿಂದ, ಇವುಗಳ ನಡುವೆ ಜಗ್ಗಾಟ ತಪ್ಪುವುದಿಲ್ಲ. ಅಂಥ ಹೊತ್ತಿನಲ್ಲಿ ದಾಖಲೆಯೇ ಮೇಲಾಗಬೇಕೆಂಬುದು ಈ ಭಾಷಣದ ನಿಲುವು.

ಪ್ರಚಾರದ ಮುಖವನ್ನು ಮೊದಲು ನೋಡಬಹುದು. 1924ರ ಅಕ್ಟೋಬರ್ 18ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಮೈದಾನದಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡವು ಸೈನಿಕ ಅಕಾಡೆಮಿಯ ತಂಡವನ್ನು 13ಕ್ಕೆ 7 ಅಂಕಗಳಿಂದ ಸೋಲಿಸಿತು. ಆಟ ಅಮೆರಿಕನ್ ಫುಟ್‌ಬಾಲ್. ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಬಂದವರನ್ನು ತಳ್ಳಿ ಮುನ್ನುಗ್ಗುವ ಆಟ. ನೋಟರ್ ಡೇಮ್ ತಂಡದ ಪ್ರಚಾರವನ್ನು ನೋಡಿಕೊಳ್ಳುತ್ತಿದ್ದವನು ಜಾರ್ಜ್ ಸ್ಟ್ರಿಕ್ಲರ್ ಎಂಬ ವಿದ್ಯಾರ್ಥಿ. ವಿರಾಮದ ವೇಳೆಯಲ್ಲಿ ಪತ್ರಕರ್ತರ ನಡುವೆ ನಿಂತಿದ್ದ ಆತ, ತಾನು ನೋಡಿದ್ದ ‘ಪ್ರಳಯಕಾಲದ ನಾಲ್ವರು ಕುದುರೆ ಸವಾರರು’ ಎಂಬ ವಸ್ತುವಿನ ಮೂಕಿ ಚಿತ್ರವನ್ನು ನೆನೆದು, ತಮ್ಮ ತಂಡದ ನಾಲ್ಕು ಮಂದಿ ಮುನ್ನುಗ್ಗುವ ಆಟಗಾರರೂ ಹಾಗೆಯೇ ಇದ್ದಾರೆಂಬ ಅರ್ಥದ ಒಂದು ಮಾತನ್ನಾಡಿದ. ಆ ಮಾತು ಗ್ರ್ಯಾಂಟ್‌ಲೆಂಡ್ ರೈಸ್ ಎಂಬ ಹೆಸರಾಂತ ಕ್ರೀಡಾ ಬರಹಗಾರನ ಕಿವಿಗೆ ಬಿತ್ತು. ಅವನ ವರದಿಯ ಮೊದಲ ಸಾಲುಗಳಲ್ಲೇ ಆ ಹೋಲಿಕೆ ಅಚ್ಚಾಯಿತು.

ಸ್ಟ್ರಿಕ್ಲರ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಂಡ ಊರಿಗೆ ಮರಳುವ ಹೊತ್ತಿಗೆ ಬಾಡಿಗೆ ಕುದುರೆಗಳನ್ನು ಗೊತ್ತುಮಾಡಿ, ಆ ನಾಲ್ವರನ್ನೂ ಆಟದ ಉಡುಪಿನಲ್ಲಿ, ಕೈಗೊಂದು ಚೆಂಡು ಕೊಟ್ಟು, ಅವುಗಳ ಬೆನ್ನ ಮೇಲೆ ಸಾಲಾಗಿ ಕೂರಿಸಿ ಒಂದು ಛಾಯಾಚಿತ್ರ ತೆಗೆಸಿದ. ಸುದ್ದಿಸಂಸ್ಥೆಗಳು ಅದನ್ನು ದೇಶದ ಮೂಲೆಮೂಲೆಗೂ ಕಳುಹಿಸಿದವು. ಒಬ್ಬೊಬ್ಬರೂ ಸುಮಾರು 70 ಕಿಲೋ ತೂಗುತ್ತಿದ್ದ, ಆ ಆಟದ ಲೆಕ್ಕದಲ್ಲಿ ಸಣಕಲು ದೇಹದವರೇ ಎನ್ನಬೇಕಾದ ಆ ನಾಲ್ವರು ಯುವಕರ ಹೆಸರು ನೂರು ವರ್ಷಗಳಾದರೂ ಅಳಿದಿಲ್ಲ. ಅವರಿಗೆ ದಾರಿ ಬಿಡಿಸಿಕೊಡಲು ಎದುರಾಳಿಗಳನ್ನು ಮೈಯೊಡ್ಡಿ ತಡೆದ ಮುಂಚೂಣಿಯ ಏಳು ಮಂದಿಗೂ ಒಂದು ಅಡ್ಡಹೆಸರು ಸಿಕ್ಕಿತು: ಏಳು ಹೇಸರಗತ್ತೆಗಳು. ಅವರ ನಿಜವಾದ ಹೆಸರುಗಳನ್ನು ಇಂದು ನೆನೆಯುವವರು ಕಡಿಮೆ. ಹೊಗಳಿಕೆಯ ಬೆಳಕು ಕೆಲವರ ಮೇಲೆ ಬಿದ್ದಾಗ ಉಳಿದವರು ನೆರಳಿಗೆ ಸರಿಯುವುದು ಪ್ರಚಾರದ ಸ್ವಭಾವದಲ್ಲೇ ಇದೆ.

ಇದೇ ದಾರಿಯಲ್ಲಿ ಮುಂದೆ ಹೋದವರೂ ಉಂಟು. ಬಾನುಲಿಯಲ್ಲಿ ಕಾಲೇಜು ಫುಟ್‌ಬಾಲ್ ಮೊದಲ ಬಾರಿಗೆ ನೇರವಾಗಿ ಕೇಳಿಬಂದದ್ದು 1921ರಲ್ಲಿ, ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರದಿಂದ. ಆಟವನ್ನು ಕಣ್ಣಾರೆ ಕಾಣದ ಕೇಳುಗರಿಗೆ ಆಟಗಾರನ ಹೆಸರನ್ನು ಸರಿಯಾಗಿ ಉಚ್ಚರಿಸಿ ಹೇಳಬೇಕಾದ್ದರಿಂದ, ಪ್ರತಿ ಪಂದ್ಯಕ್ಕೂ ಮೊದಲು ವೀಕ್ಷಕ ವಿವರಣೆಕಾರರಿಗೆ ಉಚ್ಚಾರಣೆಯ ಪಟ್ಟಿಯೊಂದನ್ನು ಕೊಡುವುದು ಕ್ರೀಡಾ ಮಾಹಿತಿ ಕಚೇರಿಯ ನಿತ್ಯದ ಕೆಲಸಗಳಲ್ಲೊಂದು. ನೋಟರ್ ಡೇಮ್ ವಿಶ್ವವಿದ್ಯಾಲಯದ ಪ್ರಚಾರಾಧಿಕಾರಿ ರೋಜರ್ ವಾಲ್ಡಿಸೆರಿ ಈ ಉಚ್ಚಾರಣೆಯನ್ನೇ ತಿರುಗಿಸಿದರು. ‘ಥೀಸ್‌ಮನ್’ ಎಂದು ಕರೆಸಿಕೊಳ್ಳುತ್ತಿದ್ದ ತಮ್ಮ ಆಟಗಾರನ ಮನೆತನದ ಹೆಸರನ್ನು ‘ಥೈಸ್‌ಮನ್’ ಎಂದು ಹೇಳಿಸಿದರು. ವರ್ಷದ ಶ್ರೇಷ್ಠ ಆಟಗಾರನಿಗೆ 1935ರಿಂದ ಕೊಡಲಾಗುತ್ತಿರುವ ಹೈಸ್‌ಮನ್ ಪ್ರಶಸ್ತಿಯ ಹೆಸರಿಗೆ ಅದು ಪ್ರಾಸವಾಗುತ್ತಿತ್ತು. 1970ರ ಆ ಸ್ಪರ್ಧೆಯಲ್ಲಿ ಥೈಸ್‌ಮನ್‌ಗೆ ಸಿಕ್ಕಿದ್ದು ಎರಡನೆಯ ಸ್ಥಾನ. 2001ರಲ್ಲಿ ಆರೆಗನ್ ವಿಶ್ವವಿದ್ಯಾಲಯದ ಆಟಗಾರ ಜೋಯಿ ಹ್ಯಾರಿಂಗ್ಟನ್ನನ ಬೃಹತ್ ಚಿತ್ರಫಲಕವನ್ನು ಸುಮಾರು ಎರಡೂವರೆ ಲಕ್ಷ ಡಾಲರ್ ವೆಚ್ಚದಲ್ಲಿ ನ್ಯೂಯಾರ್ಕ್ ನಗರದ ನಡುಮಧ್ಯೆ ನಿಲ್ಲಿಸಲಾಯಿತು. ಅವನಿಗೆ ದೊರೆತದ್ದು ನಾಲ್ಕನೆಯ ಸ್ಥಾನ.

ಇಲ್ಲಿಯವರೆಗೆ ಕೇಳಿದ್ದು ಪ್ರಚಾರದ ಮಾತು. ಇನ್ನು ದಾಖಲೆಯ ಮೇಜಿನ ಬಳಿಗೆ ಹೋಗಬಹುದು. ಈ ಕಚೇರಿಯ ನಿಜವಾದ ಕಸುಬು ಕಾಣುವುದು ಅಲ್ಲಿಯೇ.

ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕದಲ್ಲಿ, ಗೆರೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಮೇಜು ಹಾಕಿರುತ್ತಾರೆ. ಅಲ್ಲಿ ಇಬ್ಬರು ಒಬ್ಬರ ಪಕ್ಕದಲ್ಲೊಬ್ಬರು ಕುಳಿತಿರುತ್ತಾರೆ. ಒಬ್ಬರ ಕಣ್ಣು ಆಟವನ್ನು ಬಿಟ್ಟು ಕದಲುವುದಿಲ್ಲ. ಅವರು ಕಂಡದ್ದನ್ನು ಕಂಡ ಕೂಡಲೇ ಬಾಯಿಬಿಟ್ಟು ಹೇಳುತ್ತಾರೆ. ಇಪ್ಪತ್ತಮೂರನೆಯ ಅಂಗಿಯವನು ಎಸೆದ, ಬುಟ್ಟಿಗೆ ಬೀಳಲಿಲ್ಲ, ಮರುಚೆಂಡು ಹನ್ನೊಂದನೆಯವನಿಗೆ, ಹೀಗೆ. ಇನ್ನೊಬ್ಬರು ತಲೆಯೆತ್ತದೆ ಅದನ್ನು ಗಣಕಯಂತ್ರದಲ್ಲಿ ದಾಖಲಿಸುತ್ತಾರೆ. ಮರುಚೆಂಡು ಎಂದರೆ ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು. ಆಟದ ಮಾತಿನಲ್ಲಿ ಅದು ‘ರಿಬೌಂಡ್’. ಬುಟ್ಟಿಗೆ ಹಾಕಿದವನ ಕೈಗೆ ಚೆಂಡನ್ನು ಒದಗಿಸಿಕೊಟ್ಟವನ ಲೆಕ್ಕಕ್ಕೆ ಸೇರುವುದು ‘ಅಸಿಸ್ಟ್’. ಎರಡು ಗಂಟೆಯೊಳಗೆ ಇಂಥ ನೂರಾರು ನಮೂದುಗಳು ಸೇರಿ ಒಂದೇ ಪುಟದ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ‘ಬಾಕ್ಸ್ ಸ್ಕೋರ್’ ಎನ್ನುತ್ತಾರೆ.

ಆ ಪಟ್ಟಿಯನ್ನು ಹೊರಗೆ ಕೊಡುವ ಮೊದಲು ತಾಳೆ ನೋಡುವ ಕ್ರಮವಿದೆ. ಪಂದ್ಯ 40 ನಿಮಿಷದ್ದು, ಅಂಗಳದಲ್ಲಿ ಒಂದು ತಂಡದಿಂದ ಐವರು ಇರುತ್ತಾರೆ. ಆದ್ದರಿಂದ ಹೆಚ್ಚುವರಿ ಆಟ ನಡೆಯದಿದ್ದರೆ ತಂಡದ ಆಟಗಾರರೆಲ್ಲರ ನಿಮಿಷಗಳ ಮೊತ್ತ 200 ಆಗಲೇಬೇಕು. ಹಾಕಿದ ಬುಟ್ಟಿಗಳ ಎರಡರಷ್ಟಕ್ಕೆ, ದೂರದ ಗೆರೆಯಾಚೆಯಿಂದ ಹಾಕಿದ ಬುಟ್ಟಿ ಒಂದೊಂದಕ್ಕೆ ಇನ್ನೊಂದು ಅಂಕ ಸೇರಿಸಿ, ದಂಡದ ಎಸೆತಗಳ ಅಂಕಗಳನ್ನೂ ಕೂಡಿಸಿದರೆ ಬರುವ ಮೊತ್ತ, ಅಧಿಕೃತ ಬರಹಗಾರರ ಕೈಬರಹದ ಪುಸ್ತಕದಲ್ಲಿರುವ ಅಂಕಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಆ ತಪ್ಪನ್ನು ಹುಡುಕಿ ತಿದ್ದದೆ ಆ ರಾತ್ರಿಯ ಕೆಲಸ ಮುಗಿಯುವುದಿಲ್ಲ.

ಎಣಿಸುವ ಬಗೆಯನ್ನು ಹೇಳಿದ್ದಾಯಿತು. ಏನನ್ನು ಎಣಿಸಬೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಬಿಲ್ ರಸೆಲ್ ಎಂಬ ಆಟಗಾರ 1955 ಮತ್ತು 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯಕ್ಕೆ ಬೆನ್ನುಬೆನ್ನಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವುದರಲ್ಲಿ ಅವರಿಗೆ ಸಮಾನರಿರಲಿಲ್ಲವೆಂದು ನೋಡಿದವರೆಲ್ಲ ಹೇಳುತ್ತಾರೆ. ಆದರೆ ಅಂಥ ತಡೆಗಳನ್ನು ಅಧಿಕೃತವಾಗಿ ಎಣಿಸುವ ಪದ್ಧತಿ ಕಾಲೇಜು ಆಟಕ್ಕೆ ಬಂದದ್ದು 1980ರ ದಶಕದಲ್ಲಿ. ಆದ್ದರಿಂದ ರಸೆಲ್ ಎಷ್ಟು ಎಸೆತಗಳನ್ನು ತಡೆದರೆಂಬುದಕ್ಕೆ ಅಧಿಕೃತ ಲೆಕ್ಕವೇ ಇಲ್ಲ. ಬೆವೊ ಫ್ರಾನ್ಸಿಸ್ ಎಂಬಾತನ ಪ್ರಸಂಗ ಇನ್ನೊಂದು ಬಗೆಯದು. ಒಹಾಯೊ ರಾಜ್ಯದ ರಿಯೊ ಗ್ರ್ಯಾಂಡ್ ಎಂಬ ಪುಟ್ಟ ಕಾಲೇಜಿನ ಪರವಾಗಿ ಆತ 1953ರಲ್ಲಿ ಒಂದೇ ಪಂದ್ಯದಲ್ಲಿ 116 ಅಂಕ ಗಳಿಸಿದ. ಎದುರಾಳಿಯದು ಎರಡು ವರ್ಷದ ಕಾಲೇಜು ಎಂಬ ಕಾರಣದಿಂದ ಆ ಅಂಕಿಯನ್ನು ರಾಷ್ಟ್ರೀಯ ದಾಖಲೆಗೆ ಸೇರಿಸಲಿಲ್ಲ. ಮರುವರ್ಷ ನಾಲ್ಕು ವರ್ಷದ ಕಾಲೇಜೊಂದರ ವಿರುದ್ಧ ಅವನೇ 113 ಅಂಕ ಗಳಿಸಿದಾಗ ಅದು ದಾಖಲೆಯಾಯಿತು. ದಾಖಲೆಯ ಪುಸ್ತಕಕ್ಕೂ ನಿಯಮಗಳಿವೆ; ನಿಯಮ ಬದಲಾದರೆ ಚರಿತ್ರೆಯ ಪುಟವೂ ಬದಲಾಗುತ್ತದೆ.

ಪ್ರಚಾರವೆಂದರೇನು, ದಾಖಲೆಯೆಂದರೇನು ಎಂಬುದನ್ನು ಕೇಳುಗರು ಕೇಳಿದ್ದಾರೆ. ಇವೆರಡೂ ಮುಖಾಮುಖಿಯಾಗುವ ಜಾಗವನ್ನು ಈಗ ಗಮನಿಸಬೇಕು.

ಬೇಸ್‌ಬಾಲ್ ಆಟದಲ್ಲಿ ಬ್ಯಾಟುಗಾರ ಚೆಂಡನ್ನು ಹೊಡೆದು ಮೊದಲ ನೆಲೆಯನ್ನು ಸುರಕ್ಷಿತವಾಗಿ ಮುಟ್ಟಿದಾಗ, ಅದು ಅವನ ಹೊಡೆತದ ಫಲವೋ ಕ್ಷೇತ್ರರಕ್ಷಕನ ತಪ್ಪೋ ಎಂಬುದನ್ನು ಒಬ್ಬರು ತೀರ್ಮಾನಿಸಬೇಕು. ಕ್ರಿಕೆಟ್‌ನಲ್ಲಿ ಓಟವು ಬ್ಯಾಟಿನಿಂದ ಬಂದದ್ದೋ ಬೈ ಓಟವೋ ಎಂಬುದನ್ನು ಅಂಪೈರ್ ಕೈಸನ್ನೆಯಿಂದ ತಿಳಿಸುವಂತೆ, ಬೇಸ್‌ಬಾಲ್‌ನಲ್ಲಿ ಈ ತೀರ್ಮಾನ ಅಧಿಕೃತ ಲೆಕ್ಕಿಗರಿಗೆ ಬಿಟ್ಟದ್ದು. ಕಾಲೇಜು ಪಂದ್ಯಗಳಲ್ಲಿ ಆ ಲೆಕ್ಕಿಗರು ಸಾಮಾನ್ಯವಾಗಿ ಆತಿಥೇಯ ಕಾಲೇಜಿನ ಮಾಹಿತಿ ಕಚೇರಿಯವರೇ, ಇಲ್ಲವೆ ಆ ಕಚೇರಿ ನೇಮಿಸಿದವರು. ಫಲವೆಂದು ಬರೆದರೆ ತಮ್ಮ ಬ್ಯಾಟುಗಾರನ ಸರಾಸರಿ ಏರುತ್ತದೆ. ತಪ್ಪೆಂದು ಬರೆದರೆ ಇಳಿಯುತ್ತದೆ. ಆ ಬ್ಯಾಟುಗಾರನ ಪ್ರಶಸ್ತಿಗಾಗಿ ಪ್ರಕಟಣೆ ಬರೆಯಬೇಕಾದವರೂ ಅವರೇ. ತರಬೇತುದಾರರು ಪಂದ್ಯದ ನಂತರ ಬಂದು ಮರುಪರಿಶೀಲಿಸಿರೆಂದು ಕೇಳುವುದುಂಟು. ಬ್ಯಾಸ್ಕೆಟ್‌ಬಾಲ್‌ನ ಅಸಿಸ್ಟ್ ಲೆಕ್ಕದಲ್ಲಿಯೂ ಇಂಥ ಸಡಿಲಕ್ಕೆ ಎಡೆಯಿದೆ. ತವರಿನ ಮೇಜು ತವರಿನವರಿಗೆ ಧಾರಾಳವೆಂಬ ದೂರು ಹಳೆಯದು. ಒಂದು ಅಸಿಸ್ಟನ್ನು ಹೆಚ್ಚಾಗಿ ಬರೆದರೆ ಯಾರಿಗೂ ನಷ್ಟವಿಲ್ಲವೆಂದು ಆ ಕ್ಷಣದಲ್ಲಿ ತೋರಬಹುದು. ಆದರೆ ಹತ್ತಾರು ವರ್ಷಗಳ ಹಿಂದಿನ ಇನ್ನೊಬ್ಬ ಆಟಗಾರನ ಪ್ರಾಮಾಣಿಕ ಅಂಕಿಯನ್ನು ಅದು ಹಿಂದಕ್ಕೆ ತಳ್ಳುತ್ತದೆ. ಅವನ ಪರವಾಗಿ ಮಾತನಾಡಲು ಆ ಮೇಜಿನ ಬಳಿ ಯಾರೂ ಇರುವುದಿಲ್ಲ.

ಈ ಸೆಳೆತವನ್ನು ತಡೆಯಲು ಆ ವೃತ್ತಿಯವರೇ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ ಒಂದು ಶಿಸ್ತಿದೆ. ಪತ್ರಕರ್ತರೂ ಲೆಕ್ಕಿಗರೂ ಕೂರುವ, ‘ಪ್ರೆಸ್ ಬಾಕ್ಸ್’ ಎಂದು ಕರೆಯುವ ಎತ್ತರದ ಕೊಠಡಿಯಲ್ಲಿ ಯಾವ ತಂಡಕ್ಕೂ ಜಯಕಾರ ಹಾಕಬಾರದು, ಚಪ್ಪಾಳೆ ತಟ್ಟಬಾರದು. ಪಂದ್ಯ ಶುರುವಾಗುವ ಮೊದಲು ಇದನ್ನು ಧ್ವನಿವರ್ಧಕದಲ್ಲಿ ಘೋಷಿಸುವವರು ಆತಿಥೇಯ ಕಾಲೇಜಿನ ಮಾಹಿತಿ ಕಚೇರಿಯವರು. ಕೆಳಗೆ ಹತ್ತಾರು ಸಾವಿರ ಮಂದಿ ತಮ್ಮದೇ ಕಾಲೇಜಿನ ಬಣ್ಣ ತೊಟ್ಟು ಕೂಗುತ್ತಿರುವಾಗ, ಅದೇ ಕಾಲೇಜಿನ ಸಂಬಳ ಪಡೆಯುವ ಆ ಸಿಬ್ಬಂದಿ ಮೌನವಾಗಿ ಕುಳಿತು, ಎದುರಾಳಿಯ ಒಳ್ಳೆಯ ಆಟವನ್ನೂ ಅಷ್ಟೇ ಎಚ್ಚರದಿಂದ ಬರೆದುಕೊಳ್ಳುತ್ತಾರೆ. ಈ ವೃತ್ತಿಯಲ್ಲಿ ಇದಕ್ಕಿಂತ ಗೌರವಕ್ಕೆ ಪಾತ್ರವಾದ ಸಂಗತಿ ಇನ್ನೊಂದಿಲ್ಲ.

ಅಂಕಿಗಳ ಮಾತಾಯಿತು. ಅಂಕಿಗಳ ಹಿಂದೆ ಇರುವವರು ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನ ಮಕ್ಕಳು ಎಂಬುದನ್ನೂ ಈ ಕಚೇರಿ ಮರೆಯುವಂತಿಲ್ಲ. ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಆಟ ಮುಗಿದ ಮೇಲೆ ಸುಮಾರು 10 ನಿಮಿಷಗಳ ಬಿಡುವಿನ ನಂತರವೇ ಪತ್ರಕರ್ತರನ್ನು ಆಟಗಾರರ ಕೊಠಡಿಗೆ ಬಿಡುತ್ತಾರೆ. ಸೋತು ಅಳುತ್ತಿರುವ ವಿದ್ಯಾರ್ಥಿಯ ಬಳಿ ಹೋಗಿ, ಪತ್ರಿಕಾಗೋಷ್ಠಿಗೆ ಬರಬೇಕಾಗಿದೆ ಎಂದು ಮೆಲ್ಲಗೆ ಹೇಳಿ, ಮುಖ ತೊಳೆದುಕೊಳ್ಳುವವರೆಗೆ ಕಾದು, ಪಡಸಾಲೆಯುದ್ದಕ್ಕೂ ಜೊತೆಗೆ ನಡೆದು ಬರುವವರು ಮಾಹಿತಿ ಕಚೇರಿಯವರೇ. ವಿದ್ಯಾರ್ಥಿಯ ಅಂಕಪಟ್ಟಿ ಮೊದಲಾದ ಶೈಕ್ಷಣಿಕ ದಾಖಲೆಗಳನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು 1974ರ ಕಾಯಿದೆ ಹೇಳುತ್ತದೆ. ಗಾಯದ ಸುದ್ದಿ ಇನ್ನೂ ಸೂಕ್ಷ್ಮವಾದದ್ದು. ಕ್ರೀಡೆಯ ಮೇಲಿನ ಜೂಜಿಗೆ ಇದ್ದ ರಾಷ್ಟ್ರಮಟ್ಟದ ತಡೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೆಗೆದುಹಾಕಿದ ಮೇಲೆ, ಯಾರ ಮೊಣಕಾಲಿಗೆ ಪೆಟ್ಟಾಗಿದೆ ಎಂಬ ಸುದ್ದಿಗೂ ಹಣದ ಬೆಲೆ ಬಂದಿದೆ. ಗುಟ್ಟಾಗಿ ಸೋರುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ತಿಳಿಯಲಿ ಎಂದು, ಬಿಗ್ ಟೆನ್ ಎಂಬ ಕಾಲೇಜು ಕೂಟವು 2023ರಿಂದ ಫುಟ್‌ಬಾಲ್ ಪಂದ್ಯಕ್ಕೆ ಮೊದಲೇ ಯಾರು ಆಡುವುದಿಲ್ಲವೆಂಬ ಪಟ್ಟಿಯನ್ನು ಹೊರಡಿಸತೊಡಗಿತು.

ಈವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ದೊಡ್ಡ ವಿಶ್ವವಿದ್ಯಾಲಯಗಳ ವಿಷಯ. ಸಣ್ಣ ಕಾಲೇಜುಗಳ ಸ್ಥಿತಿ ಬೇರೆ. ಎನ್‌ಸಿಎಎ ತನ್ನ ಸದಸ್ಯರನ್ನು 1973ರಿಂದ ಮೂರು ವಿಭಾಗಗಳಾಗಿ ಹಂಚಿದೆ. ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಹದಿನೈದು ಇಪ್ಪತ್ತು ತಂಡಗಳಿಗೆ ಒಬ್ಬರೋ ಇಬ್ಬರೋ ಮಾಹಿತಿ ಅಧಿಕಾರಿಗಳು. ಉಳಿದ ಕೈಗಳು ವಿದ್ಯಾರ್ಥಿಗಳದ್ದು. ಕರ್ನಾಟಕದ ಕಾಲೇಜುಗಳಲ್ಲಿ ಮೈದಾನದ ಉಸ್ತುವಾರಿ, ತಂಡದ ಆಯ್ಕೆ, ಪತ್ರಿಕೆಗಳಿಗೆ ಸುದ್ದಿ ಕಳುಹಿಸುವುದು ಎಲ್ಲವನ್ನೂ ದೈಹಿಕ ಶಿಕ್ಷಣ ನಿರ್ದೇಶಕರೇ ತೂಗಿಸಿಕೊಂಡು ಹೋಗುವುದನ್ನು ಬಲ್ಲ ಕೇಳುಗರಿಗೆ ಆ ಶ್ರಮದ ಅಂದಾಜು ಸಿಗುತ್ತದೆ.

ಇಂಥ ಮೂರನೆಯ ವಿಭಾಗದ ಕಾಲೇಜು, ಅಯೊವಾ ರಾಜ್ಯದ ಗ್ರಿನೆಲ್. 2012ರ ನವೆಂಬರ್ 20ರಂದು ಅಲ್ಲಿ ನಡೆದ ಪಂದ್ಯದಲ್ಲಿ ಜ್ಯಾಕ್ ಟೇಲರ್ ಎಂಬ ವಿದ್ಯಾರ್ಥಿ 138 ಅಂಕ ಗಳಿಸಿದ. ಫ್ರಾನ್ಸಿಸ್‌ನ ಅಂಕಿ ಸುಮಾರು 60 ವರ್ಷಗಳ ನಂತರ ಹಿಂದೆ ಬಿದ್ದಿತ್ತು. ಅದುವರೆಗೆ ಗ್ರಿನೆಲ್‌ನ ಹೆಸರನ್ನೇ ಕೇಳದಿದ್ದ ಮಾಧ್ಯಮಗಳಲ್ಲೂ ಆ ರಾತ್ರಿ ಅದೇ ಸುದ್ದಿ. ಇಂಥ ಅಂಕಿಯನ್ನು ಕೇಳಿದವರ ಮೊದಲ ಪ್ರಶ್ನೆ, ಇದು ನಿಜವೇ ಎಂಬುದು. ಉತ್ತರ ಬಾಕ್ಸ್ ಸ್ಕೋರಿನಲ್ಲಿತ್ತು. ಟೇಲರ್ 108 ಸಲ ಎಸೆದು 52 ಬುಟ್ಟಿ ಹಾಕಿದ್ದ, ಅಲ್ಲಿಗೆ 104. ಅವುಗಳಲ್ಲಿ 27 ದೂರದ ಗೆರೆಯಾಚೆಯಿಂದ ಬಂದವು, ಅಲ್ಲಿಗೆ 131. ದಂಡದ ಎಸೆತಗಳಿಂದ 7, ಒಟ್ಟು 138. ಅವನ ಅಸಿಸ್ಟ್ ಸೊನ್ನೆ ಎಂಬುದನ್ನೂ ಅದೇ ಪುಟ ಹೇಳುತ್ತಿತ್ತು. ಹೊಗಳಿದವರಿಗೂ, ಒಬ್ಬನೇ ಇಷ್ಟೊಂದು ಎಸೆಯುವುದು ಆಟವೇ ಎಂದು ಟೀಕಿಸಿದವರಿಗೂ ಆಧಾರ ಒದಗಿಸಿದ್ದು ಅದೊಂದೇ ಪುಟ.

ಇಂದು ಈ ಹೊಣೆ ಇನ್ನೂ ಭಾರವಾಗಿದೆ. ಹಿಂದೆ ಕಚೇರಿಯು ಪ್ರತಿ ಆಟಗಾರನ ಹುಟ್ಟೂರಿನ ಪತ್ರಿಕೆಗೆ ಸುದ್ದಿ ಕಳುಹಿಸುತ್ತಿತ್ತು. ಅದನ್ನು ಪರಿಶೀಲಿಸಿ ಅಚ್ಚಿಗೆ ಕೊಡಲು ಅಲ್ಲೊಬ್ಬ ಸಂಪಾದಕರಿರುತ್ತಿದ್ದರು. ಆ ಊರ ಪತ್ರಿಕೆಗಳಲ್ಲಿ ಎಷ್ಟೋ ಈಗ ಮುಚ್ಚಿವೆ. ಈಜು, ಟೆನಿಸ್, ಗುಡ್ಡಗಾಡು ಓಟದಂಥ ಸ್ಪರ್ಧೆಗಳಿಗೆ ಹೊರಗಿನ ವರದಿಗಾರರು ಬರುವುದೇ ಅಪರೂಪವಾಗಿದೆ. ಅಲ್ಲಿ ನಡೆದದ್ದಕ್ಕೆ ಮಾಹಿತಿ ಕಚೇರಿಯ ಬರಹವೇ ಏಕೈಕ ಸಾಕ್ಷಿಯಾಗಿ ಉಳಿಯುತ್ತಿದೆ. ತನ್ನ ತಂಡದ ಸೋಲನ್ನು ಸೋಲೆಂದೇ ಮೊದಲ ಸಾಲಿನಲ್ಲಿ ಬರೆಯುವ ಧೈರ್ಯ ಆ ಕಚೇರಿಗೆ ಇಲ್ಲವಾದರೆ, ಬೇರೆ ಯಾರೂ ಅದನ್ನು ಬರೆಯುವವರಿಲ್ಲ.

ದಾಖಲೆಯ ಪಾವಿತ್ರ್ಯದ ಬಗ್ಗೆ ಇಷ್ಟು ಹೇಳಿದ ಮೇಲೆ, ಆ ಪುಸ್ತಕದಿಂದಲೇ ಹೊರಗುಳಿದವರ ಕಡೆಗೆ ತಿರುಗಬೇಕು. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾಯಿದೆ ಅಮೆರಿಕದಲ್ಲಿ 1972ರಲ್ಲಿ ಬಂತು. ಮಹಿಳೆಯರ ಕಾಲೇಜು ಕ್ರೀಡೆಯನ್ನು 1971ರಿಂದ ಸುಮಾರು ಹತ್ತು ವರ್ಷ ನಡೆಸಿದ್ದು ಎಐಎಡಬ್ಲ್ಯೂ ಎಂಬ ಪ್ರತ್ಯೇಕ ಸಂಘ. ಎನ್‌ಸಿಎಎ ಮಹಿಳಾ ಪಂದ್ಯಾವಳಿಗಳನ್ನು ಆರಂಭಿಸಿದ್ದು 1981ರಲ್ಲಿ. ಆ ಹಿಂದಿನ ಸಂಘದ ಕಾಲದ ಅಂಕಿಗಳನ್ನು ಎನ್‌ಸಿಎಎ ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳಲಿಲ್ಲ. ಹೀಗಾಗಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಲಿನೆಟ್ ವುಡರ್ಡ್ 1977ರಿಂದ 1981ರವರೆಗೆ ಗಳಿಸಿದ 3,649 ಅಂಕಗಳು, ನಾಲ್ಕು ದಶಕಗಳ ಕಾಲ, ಇದ್ದೂ ಇಲ್ಲದಂತಿದ್ದವು.

ಅವು ಮತ್ತೆ ಮಾತಿಗೆ ಬಂದದ್ದು 2024ರಲ್ಲಿ. ಅಯೊವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಆ ವರ್ಷದ ಫೆಬ್ರವರಿ ಮಧ್ಯದಲ್ಲಿ ಎನ್‌ಸಿಎಎ ಪುಸ್ತಕದಲ್ಲಿದ್ದ 3,527 ಅಂಕಗಳ ಮಹಿಳಾ ದಾಖಲೆಯನ್ನು ದಾಟಿದಾಗ, ನಿಜವಾದ ಗೆರೆ ಇನ್ನೂ ಮುಂದಿದೆ ಎಂದು ಬಲ್ಲವರು ನೆನಪಿಸಿದರು. ತಿಂಗಳ ಕೊನೆಯಲ್ಲಿ ಕ್ಲಾರ್ಕ್ ವುಡರ್ಡ್ ಅವರ ಅಂಕಿಯನ್ನೂ ದಾಟಿದರು. ಕೆಲವೇ ದಿನಗಳಲ್ಲಿ, ಪುರುಷರ ವಿಭಾಗದಲ್ಲಿ ಪೀಟ್ ಮಾರಾವಿಚ್ ಅವರ ಹೆಸರಿನಲ್ಲಿ 1970ರಿಂದ ನಿಂತಿದ್ದ 3,667ನ್ನು ಕೂಡ. ಕೊನೆಗೆ ಕ್ಲಾರ್ಕ್ ನಿಂತದ್ದು 3,951ಕ್ಕೆ. ಆದರೆ ದಕ್ಷಿಣ ಕ್ಯಾರೊಲೈನಾ ರಾಜ್ಯದ ಫ್ರಾನ್ಸಿಸ್ ಮೇರಿಯನ್ ಎಂಬ ಸಣ್ಣ ಕಾಲೇಜಿನಲ್ಲಿ 1979ರವರೆಗೆ ಆಡಿದ ಪರ್ಲ್ ಮೂರ್ ಅವರ ಹೆಸರಿನ ಮುಂದೆ 4,061 ಎಂದಿದೆ. ಅದರಲ್ಲಿ 177 ಅಂಕಗಳು ಅವರು ಅದಕ್ಕೂ ಮೊದಲು ಆಂಡರ್ಸನ್ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಗಳಿಸಿದವು ಎಂಬ ವಿವರವೂ ಉಳಿದುಬಂದಿದೆ; ಏಕೆಂದರೆ ಟೆಲಿವಿಷನ್ ಕ್ಯಾಮೆರಾಗಳು ಮಹಿಳೆಯರ ಆಟದತ್ತ ಹೆಚ್ಚಾಗಿ ತಿರುಗದಿದ್ದ ಆ ಕಾಲದಲ್ಲಿಯೂ, ಆ ಎರಡೂ ಕಾಲೇಜುಗಳ ಅಂಗಳದ ಪಕ್ಕದ ಮೇಜಿನಲ್ಲಿ ಪಂದ್ಯಪಂದ್ಯಕ್ಕೂ ಯಾರೋ ಕುಳಿತು ಲೆಕ್ಕ ಬರೆದಿದ್ದರು.